ನೀಲಿ ಬೇಡ, ಕಪ್ಪು ಬೇಡ

ಲುವಾಂಗ್ವಾ ನದಿದಡದ ಕ್ಯಾಂಪ್
೧೧ ಮೇ ೧೯೯೩

ಪ್ರೀತಿಯ ದೈಲೆಸಿ ಅಕ್ಕನಿಗೆ,

ನಿನ್ನ ಕಾಗದ ಬಂತು. ಅವ್ವನ ಸಮಾಧಿಗೆ ಕಲ್ಲು ನಿಲ್ಲಿಸುವುದನ್ನು ಜೂನ್ ಕೊನೆಯ ಶನಿವಾರ ಇಟ್ಟುಕೊಳ್ಳೋಣ ಎಂದು ಊರಿನ ಹಿರಿಯರು ಒಪ್ಪಿದ್ದಾರೆ. ಕಬ್ವೆಯ ರೈಲ್ವೆ ಕಾಲೊನಿಯಲ್ಲಿ ಕೂತು ಕೂತು ಕಾಡಿನ ದಾರಿಯೇ ಮರೆತುಹೋಗಿದೆ, ಬರುವಾಗ ಏನೇನು ತರಬೇಕು ಬರಿ ಎಂದು ಕೇಳಿದ್ದೀಯ. ಸರಿಯಾದವನನ್ನೇ ಹಿಡಿದೆ. ಈ ವರ್ಷದಿಂದ ಪ್ರವಾಸಿಗಳಿಗೆ 'ಸಫಾರಿಗೆ ಏನೇನು ತರಬೇಕು' ಎಂಬ ಕಾಗದ ಬರೆಯುವುದೂ ನನ್ನ ಪಾಲಿಗೇ ಬಂದಿದೆ. ಬೆಳಿಗ್ಗೆ ಅವರನ್ನು ನಡೆಸಿಕೊಂಡು ಹೋಗಿ ಆನೆ ತೋರಿಸುವುದು, ಮಧ್ಯಾಹ್ನ ಕೂತು ಅವರ ಕಾಲುಚೀಲದ ಬಗ್ಗೆ ಬರೆಯುವುದು. ನಿನ್ನ ತಮ್ಮ ಎಲ್ಲಿಗೆ ಬಂದ ನೋಡು.

ಅವರಿಗೆ ಬರೆದದ್ದನ್ನೇ ನಿನಗೂ ಬರೆಯುತ್ತೇನೆ. ಮೆತ್ತನೆಯ ಚೀಲ ತಾ, ಪೆಟ್ಟಿಗೆ ಬೇಡ. ಅವರ ಪುಟ್ಟ ವಿಮಾನದಲ್ಲಿ ಗಟ್ಟಿ ಪೆಟ್ಟಿಗೆಗೆ ಜಾಗವಿಲ್ಲ. ಹೋದ ವರ್ಷ ಒಬ್ಬ ಮುದುಕ ತಂದ ಕಬ್ಬಿಣದ ಟ್ರಂಕನ್ನು ಪೈಲಟ್ ಮೈದಾನದಲ್ಲೇ ಇಳಿಸಿಟ್ಟು ಹಾರಿಹೋದ. ಸಂಜೆಯತನಕ ಬಬೂನುಗಳು ಅದರ ಮೇಲೆ ಕೂತು ಒಂದರ ಹೇನು ಒಂದು ಹೆಕ್ಕಿಕೊಂಡವು. ನಿನ್ನದು ಬಸ್ಸಿನ ಮೇಲೆ ಬರುವುದಾದರೂ ಮೆತ್ತನೆಯದೇ ಇರಲಿ. ಸ್ವೆಟರ್ ತಾ, ಜೂನಿನ ಬೆಳಗಿನ ಚಳಿ ಹೇಗಿರುತ್ತದೆ ಎಂದು ನಿನಗೆ ಮರೆತಿರುತ್ತದೆ. ಗದ್ದಕ್ಕೆ ದಾರ ಕಟ್ಟುವ ಟೋಪಿ, ಕಾಲಿಗೆ ಪಳಗಿದ ಹಳೆಯ ಶೂ, ಟಾರ್ಚು. ಘಮಘಮಿಸುವ ಸೋಪು ಬೇಡ. ಸೈನಿಕರ ಹಸಿರುಮಚ್ಚೆಯ ಬಟ್ಟೆ ಬೇಡ, ಪೊಲೀಸರು ದಾರಿಯಲ್ಲೇ ಬಿಚ್ಚಿಸುತ್ತಾರೆ.

ಬಟ್ಟೆಯ ಬಣ್ಣದ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೇನೆ. ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ, ಬೂದಿ ಬಣ್ಣ, ಇವಿಷ್ಟೇ. ನೀಲಿ ಬೇಡ, ಕಪ್ಪು ಬೇಡ. ತ್ಸೆತ್ಸೆ ನೊಣಕ್ಕೆ ಆ ಎರಡು ಬಣ್ಣ ಕಂಡರೆ ಹುಚ್ಚು. ನೊಣ ಹಿಡಿಯಲು ಸರ್ಕಾರದವರು ಮರಕ್ಕೆ ನೇತುಹಾಕುವ ಬಟ್ಟೆಯೂ ಅದೇ ಎರಡು ಬಣ್ಣದ್ದು. ಇದನ್ನು ಮರೆಯಬೇಡ, ಅಕ್ಕ. ಬೇರೆ ಏನು ಮರೆತರೂ ನಡೆಯುತ್ತದೆ.

ಮನೆಮಾತು ಹೆಚ್ಚು ಬರೆಯುವುದಿಲ್ಲ. ಇಲ್ಲಿ ಕಾಗದಗಳನ್ನು ಅಂಟಿಸದೆ ಆಫೀಸಿನಲ್ಲಿ ಕೊಡಬೇಕು, ಧಣಿಯ ಹೆಂಡತಿಯೇ ಅಂಚೆಚೀಟಿ ಹಚ್ಚುತ್ತಾರೆ. ಪ್ರವಾಸಿಗಳ ಸಾಲಿನ ಕೊನೆಯಲ್ಲಿ ಚಹಾದ ಕೆಟಲ್ ಹೊತ್ತು ನಡೆಯುತ್ತಿದ್ದ ಮತೆಯೊ ಗೊತ್ತಲ್ಲ, ಅವನು ರಜೆ ಹಾಕಿ ಊರಿಗೆ ಹೋಗಿದ್ದಾನೆ. ಕೆಟಲ್ ಈಗ ನಾನೇ ಹೊರುತ್ತಿದ್ದೇನೆ.

ನಿನ್ನ ತಮ್ಮ
ಯೋತಮು

*

ಕಬ್ವೆ
೨೪ ಮೇ ೧೯೯೩

ಯೋತಮು,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಊಟ ಬಿಟ್ಟು ನಕ್ಕರು. "ನಿಮ್ಮವ್ವನ ಮನೆಗೆ ಹೋಗಕ್ಕೂ ಬಿಳೀ ಜನಗಳ ಪಟ್ಟಿ ಬೇಕಾಯ್ತೇನೇ? ದುರ್ಬೀನು ತಗೊಂಡ್ಹೋಗು, ನಿನ್ನ ತಮ್ಮ ಯಾವ ಮರದ ಮೇಲೆ ಕೂತಿರ್ತಾನೋ" ಎಂದರು. ಹೆಣ್ಣುಮಕ್ಕಳಿಬ್ಬರೂ ಈಗ ನನ್ನನ್ನು ಪ್ರವಾಸಿ ಮೇಡಂ ಎಂದೇ ಕರೆಯುತ್ತಿದ್ದಾರೆ.

ಸ್ವೆಟರ್ ತರುತ್ತೇನೆ, ಟೋಪಿ ತರುತ್ತೇನೆ. ಬಣ್ಣದ ಮಾತು ಮಾತ್ರ ಆಗುವುದಿಲ್ಲ. ನಾನು ಇಲ್ಲಿಯ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ನಮ್ಮ ಸಮವಸ್ತ್ರ ನಿನಗೆ ಗೊತ್ತೇ ಇದೆ, ಕಡುನೀಲಿ ಲಂಗ, ಬಿಳಿ ರವಿಕೆ, ಕಪ್ಪು ತಲೆವಸ್ತ್ರ. ಅವ್ವನೂ ಸಾಯುವತನಕ ಅದನ್ನೇ ಉಟ್ಟಳು, ಅದರಲ್ಲೇ ಅವಳನ್ನು ಮಣ್ಣು ಮಾಡಿದ್ದು. ಆ ದಿನ ನಾನು ಇರಲಿಲ್ಲ. ಆಪರೇಷನ್ ಆಗಿ ಇಲ್ಲಿ ಹಾಸಿಗೆಯಲ್ಲಿ ಬಿದ್ದಿದ್ದೆ. ಹೆತ್ತವಳ ಮಣ್ಣಿಗೆ ಬಾರದ ಮಗಳು ಅಂತ ನಿಮ್ಮೂರಿನವರು ಈಗಾಗಲೇ ಆಡಿಕೊಂಡಿದ್ದಾರೆ. ಕಲ್ಲು ನಿಲ್ಲಿಸುವ ದಿನ ನಮ್ಮ ಕಣಿವೆಯ ಸಂಘದ ಹೆಂಗಸರೆಲ್ಲ ಸಮವಸ್ತ್ರದಲ್ಲಿ ಬರುತ್ತಾರೆ. ಅವರ ಮುಂದೆ ಹೋಟೆಲ್ ಮಾಣಿಯ ಹಾಗೆ ಖಾಕಿ ಸುತ್ತಿಕೊಂಡು ನಿಲ್ಲಲೇನೋ?

ಇಷ್ಟು ಒತ್ತಿ ಒತ್ತಿ ಯಾಕೆ ಬರೆದಿದ್ದೀಯ? ಚಿಕ್ಕವರಿದ್ದಾಗ ನಮ್ಮನ್ನು ಆ ನೊಣ ಕಡಿದಿರಲಿಲ್ಲವೇ? ಏನಾದರೂ ವಿಷಯ ಇದ್ದರೆ ಬಿಚ್ಚಿ ಹೇಳು.

ಅಕ್ಕ

*

ಕ್ಯಾಂಪ್
೭ ಜೂನ್ ೧೯೯೩

ಅಕ್ಕ,

ವಿಷಯ ಏನೂ ಇಲ್ಲ. ಆ ನೊಣದಿಂದ ನಿದ್ದೆರೋಗ ಎಂಬುದೊಂದು ಬರುತ್ತಿತ್ತಲ್ಲ, ಅದನ್ನು ನಮ್ಮ ಕಣಿವೆಯಲ್ಲಿ ಯಾರೂ ಕಂಡು ಎಷ್ಟೋ ವರ್ಷವಾಯಿತು. ಪ್ರವಾಸಿಗಳು ಕೇಳಿದರೂ ಹಾಗೇ ಹೇಳುತ್ತೇವೆ. ನೊಣ ಕಡಿದರೆ ತುರಿಕೆ, ಉರಿ, ಅಷ್ಟೆ. ನೀನು ಹಟಮಾರಿ ಎಂದು ಗೊತ್ತಿದ್ದೇ ಒತ್ತಿ ಬರೆದೆ.

ಒಂದು ಕೆಲಸ ಮಾಡು. ಮುಖ್ಯರಸ್ತೆಯಿಂದ ಸಮಾಧಿಯ ಹತ್ತಿರದವರೆಗೂ ಲಾರಿಯಲ್ಲೇ ಬಾ, ಮಣ್ಣುಬಣ್ಣದ ಚಿತೆಂಗೆ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಬಾ. ಅಲ್ಲಿಳಿದ ಮೇಲೆ ಲಂಗ ಉಡು. ಪ್ರಾರ್ಥನೆ ಮುಗಿದ ಕೂಡಲೇ ಬದಲಾಯಿಸು. ಇಷ್ಟಾದರೂ ಕೇಳುತ್ತೀಯ ತಾನೇ? ಅವ್ವನ ಮೇಲೆ ಆಣೆ ಇಡು.

ಆ ದಿನ ಬೆಳಿಗ್ಗೆ ನನಗೆ ಪ್ರವಾಸಿಗಳ ನಡಿಗೆ ಇದೆ, ಧಣಿ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂದೇ ಬರುತ್ತೇನೆ.

ಯೋತಮು

*

ಕಬ್ವೆ
೧೬ ಜುಲೈ ೧೯೯೩

ಪ್ರೀತಿಯ ತಮ್ಮನಿಗೆ,

ಸುಖವಾಗಿ ಬಂದು ತಲುಪಿದೆ. ಊರಿನಲ್ಲಿ ಮಾತಾಡಲು ಸಮಯವೇ ಸಿಗಲಿಲ್ಲ. ನೀನು ಬರುವಷ್ಟರಲ್ಲಿ ಕಲ್ಲಿನ ಮೇಲಿನ ಬಟ್ಟೆ ತೆಗೆದಾಗಿತ್ತು, ಅದಕ್ಕೆ ನನಗೆ ಸಿಟ್ಟಿಲ್ಲ. ಇದ್ದ ಸಿಟ್ಟು ಕೂಡ ನಿನ್ನ ಬೆವರಿಳಿಯುತ್ತಿದ್ದ ಮುಖ ನೋಡಿ ಇಳಿದುಹೋಯಿತು.

ನಿನಗೆ ಯಾರೂ ಹೇಳದ್ದನ್ನು ಹೇಳುತ್ತೇನೆ. ಲಾರಿ ಮುಖ್ಯರಸ್ತೆಯಲ್ಲೇ ಕೆಟ್ಟು ನಿಂತಿತು. ಹೆಂಗಸರೆಲ್ಲ ಸಮವಸ್ತ್ರದಲ್ಲಿ ಕಾಯುತ್ತಿದ್ದರು. "ದೈಲೆಸಿ, ಇಳಿ, ನಡೆಯೋಣ, ನಿಮ್ಮವ್ವ ಈ ದಾರೀಲಿ ಎಷ್ಟು ಸಲ ನಮ್ಮ ಜೊತೆ ಹಾಡ್ಕೊಂಡು ನಡೆದಿಲ್ಲ!" ಎಂದರು. ನಾನು ರಸ್ತೆಯ ಬದಿಯಲ್ಲೇ ಲಂಗ ಉಟ್ಟೆ. ಮೊಪಾನೆ ಮರಗಳ ನಡುವೆ ದಾರಿಯುದ್ದಕ್ಕೂ ಹಾಡಿದೆವು, ಯೋತಮು. ಅವ್ವ ನನ್ನನ್ನು ಕ್ಷಮಿಸಿದಳು ಎಂದು ಆ ದಾರಿಯಲ್ಲಿ ಅನ್ನಿಸಿತು. ಈ ವರ್ಷದಲ್ಲಿ ನಾನು ಮನಸಾರೆ ಅತ್ತದ್ದು, ಮನಸಾರೆ ನಕ್ಕದ್ದು ಎರಡೂ ಅಲ್ಲೇ.

ಆಣೆ ಮುರಿದೆ ಅಂತ ಬಯ್ಯಬೇಡ. ಒಂದು ನೊಣವೂ ಕಡಿಯಲಿಲ್ಲ. ನಿನ್ನ ಬಿಳೀ ಜನಗಳಿಗೆ ಬೇಕಾದರೆ ಹೆದರಿಸಿಕೋ.

ಒಂದು ವಾರದಿಂದ ಜ್ವರ ಬಂದು ಹೋಗುತ್ತಿದೆ. ಮಲೇರಿಯಾ ಅಂತ ಗುಳಿಗೆ ಕೊಟ್ಟಿದ್ದಾರೆ.

ಅಕ್ಕ

*

ಕ್ಯಾಂಪ್
೧೧ ಆಗಸ್ಟ್ ೧೯೯೩

ಅಕ್ಕ,

ಮಲೇರಿಯಾ ಎಂದರೆ ನಮ್ಮೂರು ಕೊಡುವ ಉಡುಗೊರೆ, ಬೇಡ ಅಂದರೂ ಚೀಲಕ್ಕೆ ತುರುಕಿ ಕಳಿಸುತ್ತದೆ. ಗುಳಿಗೆಯನ್ನು ಊಟದ ಮೇಲೆಯೇ ನುಂಗು.

ಭಾವ ಬರೆದಿದ್ದರು. ನೀನು ಯಾರ ಜೊತೆಗೂ ಮಾತಾಡುತ್ತಿಲ್ಲವಂತೆ. ಮಾತಾಡಿಸಿದರೆ ಸಿಡುಕುತ್ತೀಯಂತೆ. ಸಂಘದ ಸಭೆಯಲ್ಲಿ ಖಜಾಂಚಿಯ ಕೆನ್ನೆಗೆ ಹೊಡೆದೆಯಂತೆ! ಓದಿ ನಾಚಿಕೆಯಾಯಿತು. ನನ್ನ ಮೇಲಿನ ಸಿಟ್ಟನ್ನು ಊರವರ ಮೇಲೆ ಯಾಕೆ ತೀರಿಸಿಕೊಳ್ಳುತ್ತೀಯ? ಸಿಟ್ಟಿಲ್ಲ ಎಂದು ಬರೆದಾಗಲೇ ಇದೆ ಅಂತ ಗೊತ್ತಾಗಿತ್ತು. ನಾನು ತಡವಾಗಿ ಬಂದದ್ದು ಸಂಬಳದ ಕಾರಣಕ್ಕೆ, ನಿನ್ನ ಮೇಲಿನ ಅಸಡ್ಡೆಯಿಂದಲ್ಲ. ಅಧ್ಯಕ್ಷೆಯಾದವಳು ಹೀಗೆ ಮಾಡಿದರೆ ಜನ ಅವ್ವನನ್ನೇ ಅನ್ನುತ್ತಾರೆ. ಆ ಹೆಂಗಸಿನ ಕ್ಷಮೆ ಕೇಳು. ಒಂದೆರಡು ತಿಂಗಳು ನನಗೆ ಬರೆಯದಿದ್ದರೂ ಪರವಾಗಿಲ್ಲ, ಮನಸ್ಸು ತಣ್ಣಗಾದ ಮೇಲೆ ಬರಿ.

ಯೋತಮು

*

ಕಬ್ವೆ
ಸೆಪ್ಟೆಂಬರ್, ತಾರೀಖು ಮಕ್ಕಳನ್ನು ಕೇಳಬೇಕು

ಯೋತಮು,

ಕ್ಷಮೆ ಕೇಳಿದೆ. ಯಾರದ್ದು ಎಂದು ಈಗ ಮರೆತುಹೋಗಿದೆ.

ಹಗಲೆಲ್ಲ ನಿದ್ದೆ. ಒಲೆಯ ಮುಂದೆ ನ್ಶಿಮಾ ಮುದ್ದೆ ತಿರುವುತ್ತಾ ತಿರುವುತ್ತಾ ನಿದ್ದೆ ಹೋದೆ, ಕೈ ಸುಟ್ಟಿತು, ಸುಡುವ ವಾಸನೆ ಬಂದ ಮೇಲೆ ಎಚ್ಚರವಾಯಿತು. ಕತ್ತಲಾದರೆ ಕಣ್ಣು ಮುಚ್ಚುವುದಿಲ್ಲ. ಆಸ್ಪತ್ರೆಗೆ ಹೋದಾಗಲೆಲ್ಲ ಮಲೇರಿಯಾ ಅಂದರು. ಆಮೇಲೆ ಹೆಂಗಸರು ಬಂದು ಸುತ್ತ ನಿಂತು ಪ್ರಾರ್ಥನೆ ಮಾಡಿದರು. "ನಿಮ್ಮವ್ವ ಇನ್ನೂ ಮುನಿಸ್ಕೊಂಡಿದಾರೆ, ದೈಲೆಸಿ, ಏನು ಬಾಕಿ ಇಟ್ಕೊಂಡಿದೀಯ ಹೇಳ್ಬಿಡು" ಅಂದರು. ನಾನೇನು ಬಾಕಿ ಇಟ್ಟುಕೊಂಡಿದ್ದೇನೆ? ಆ ದಾರಿಯಲ್ಲಿ ಕ್ಷಮಿಸಿದಳು ಎಂದುಕೊಂಡಿದ್ದೆ. ಕ್ಷಮಿಸಿಲ್ಲ. ಕಿಟಕಿಯ ಹತ್ತಿರ ಬಂದು ನಿಲ್ಲುತ್ತಾಳೆ. ನೀನು ಹೋಗಿ ಅವಳಿಗೆ ಹೇಳು, ಅಕ್ಕನಿಗೆ ಮೈ ಸರಿಯಿಲ್ಲ ಎಂದು ಹೇಳು.

ಮಗಳು ತಮಾಲಾಳ ಜಡೆ ಹೆಣೆಯಲು ಬೆರಳು ನಿಲ್ಲುತ್ತಿಲ್ಲ. ಕತ್ತಿನ ಹಿಂದೆ ಗಂಟುಗಳು. ನಿನ್ನ ಭಾವ ನನ್ನಿಂದ ಚಾಕು ಬಚ್ಚಿಡುತ್ತಾರೆ, ನಾನು ನೋಡಿದೆ.

ಲಂಗ ಒಗೆದು ಮಡಿಸಿ ಇಟ್ಟಿದ್ದೇನೆ, ಒಗೆದು ಮಡಿಸಿ

*

ಕ್ಯಾಂಪ್
೧೯ ಸೆಪ್ಟೆಂಬರ್ ೧೯೯೩

ಅಕ್ಕ,

ಈ ಕಾಗದವನ್ನು ಆಫೀಸಿನಲ್ಲಿ ಕೊಡುತ್ತಿಲ್ಲ. ಚಿಪಾಟಾಕ್ಕೆ ಹೋಗುವ ಲಾರಿಯ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ಅವನು ಲುಸಾಕಾ ಬಸ್ಸಿನವನಿಗೆ ಕೊಡುತ್ತಾನೆ. ಭಾವ, ನೀವು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅಕ್ಕನನ್ನು ಲುಸಾಕಾದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇವಳು ಜೂನ್‌ನಲ್ಲಿ ಲುವಾಂಗ್ವಾ ಕಣಿವೆಗೆ ಹೋಗಿದ್ದಳು, ನೀಲಿ ಬಟ್ಟೆ ಉಟ್ಟು ನೊಣದ ಕಾಡಿನಲ್ಲಿ ನಡೆದಳು ಎಂದು ಡಾಕ್ಟರಿಗೆ ಹೇಳಿ. ಇದು ನಿದ್ದೆರೋಗ. ಅವ್ವ ಯಾರ ಕಿಟಕಿಗೂ ಬರುತ್ತಿಲ್ಲ.

ಅಕ್ಕ, ನಿಜ ಹೇಳು. ಊರಿಂದ ಹೋದಮೇಲೆ ನಿನ್ನ ಮೈಮೇಲೆ ಎಲ್ಲಾದರೂ ಕೆಂಪಗೆ ಗಂಟು ಎದ್ದಿತ್ತಾ? ಮುಟ್ಟಿದರೆ ನೋಯುವಂಥದ್ದು?

ಮತೆಯೊ ರಜೆಗೆ ಹೋಗಿರಲಿಲ್ಲ. ನಾನು ನಿನಗೆ ಮೊದಲ ಕಾಗದ ಬರೆದ ದಿನ ಅವನು ಮಿಷನ್ ಆಸ್ಪತ್ರೆಯಲ್ಲಿ ಮಲಗಿದ್ದ. ಅದೇ ತಿಂಗಳು ಸತ್ತ. ಸಾಯುವ ಮೊದಲು ಅವನೂ ಕೆಟಲ್ ಹಿಡಿದು ನಿಂತಲ್ಲೇ ನಿದ್ದೆ ಹೋಗುತ್ತಿದ್ದ, ನಾವು ತಮಾಷೆ ಮಾಡಿ ನಗುತ್ತಿದ್ದೆವು. ಧಣಿ ನಮ್ಮನ್ನೆಲ್ಲ ಅಡುಗೆಮನೆಯ ಹಿಂದೆ ಕರೆದರು. "ಒಬ್ಬನೇ ಒಬ್ಬ ಸತ್ತಿದಾನೆ. ಇದು ಹೊರಗೆ ಹೋದ್ರೆ ಒಬ್ಬ ಪ್ರವಾಸೀನೂ ಬರಲ್ಲ, ನಿಮ್ಮ ಒಲೆ ನೀವೇ ಆರಿಸ್ಕೊಂಡ ಹಾಗೆ" ಎಂದರು. ನಾವು ತಲೆ ಅಲ್ಲಾಡಿಸಿದೆವು. ಬಟ್ಟೆಯ ಬಣ್ಣ ಒತ್ತಿ ಹೇಳಿದರೆ ಸಾಕು, ಅಷ್ಟರಲ್ಲೇ ಅಕ್ಕ ಉಳಿಯುತ್ತಾಳೆ ಎಂದುಕೊಂಡೆ. ಬಿಚ್ಚಿ ಹೇಳು ಎಂದು ನೀನು ಕೇಳಿದಾಗಲೂ ಹೇಳಲಿಲ್ಲ. ತೆರೆದ ಕಾಗದ ಆ ಮೇಜಿನ ಮೇಲೆ ಬಿದ್ದಿರುತ್ತದಲ್ಲ ಎಂಬ ಭಯ. ನಿನ್ನ ಸಿಡುಕಿನ ಸುದ್ದಿ ಬಂದಾಗ ಬುದ್ಧಿ ಹೇಳಲು ಕೂತೆ! ಮತೆಯೊ ಕೂಡ ಹೀಗೇ ಸಿಡುಕುತ್ತಿದ್ದ, ಕಣ್ಣಾರೆ ಕಂಡಿದ್ದೆ. ಆದರೂ ಹೊಳೆಯಲಿಲ್ಲ.

ರಜೆ ಕೇಳಿದೆ. ಅಕ್ಟೋಬರ್ ಮುಗಿಯಲಿ, ಕ್ಯಾಂಪ್ ತುಂಬಿದೆ ಎಂದರು. ಹೋದರೆ ಮತ್ತೆ ಒಳಗೆ ಸೇರಿಸುವುದಿಲ್ಲವಂತೆ. ಬಿಟ್ಟು ಬರುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಸುಳ್ಳು ಹೇಳುವುದು ಸಾಕಾಗಿದೆ, ಅದಕ್ಕೆ ಇದ್ದದ್ದನ್ನೇ ಬರೆದೆ.

ಯೋತಮು

*

ಲುಸಾಕಾ, ಆಸ್ಪತ್ರೆ
೧೪ ಅಕ್ಟೋಬರ್ ೧೯೯೩

ತಮ್ಮ ಯೋತಮುಗೆ,

ನಿನ್ನ ಕಾಗದ ಕೈಯಿಂದ ಕೈಗೆ ದಾಟಿ ಈ ತಿಂಗಳ ಮೊದಲಿಗೆ ಬಂತು. ಬಸ್ಸಿನವನ ಜೇಬಿನಲ್ಲೇ ಎಷ್ಟೋ ದಿನ ಇತ್ತಂತೆ. ನಿನ್ನ ಭಾವ ನನ್ನನ್ನು ಹೊತ್ತುಕೊಂಡೇ ಇಲ್ಲಿಗೆ ತಂದರು. ಬೆನ್ನಿನಿಂದ ನೀರು ತೆಗೆದರು. ಅದರಲ್ಲಿ ಹುಳು ಇದ್ದಾವೆ, ತಲೆಯವರೆಗೂ ಹೋಗಿವೆ ಎಂದರು. ಸೂಜಿಮದ್ದಿನಲ್ಲಿ ಪಾಷಾಣವಿದೆಯಂತೆ. ಚುಚ್ಚಿದಾಗ ರಕ್ತನಾಳದೊಳಗೆ ಮೆಣಸಿನ ನೀರು ಹೋದ ಹಾಗಿರುತ್ತದೆ. ಮೊದಲ ಸುತ್ತಿನ ಮದ್ದು ಮುಗಿದಿದೆ, ಅದರಿಂದಲೇ ಇವತ್ತು ತಲೆ ತಿಳಿಯಾಗಿದೆ. ಎರಡನೆಯ ಸುತ್ತಿಗೆ ಮೈ ತಡೆಯುತ್ತದೋ ಇಲ್ಲವೋ ಎಂದು ಡಾಕ್ಟರು ನಿನ್ನ ಭಾವನಿಗೆ ಹೇಳುತ್ತಿದ್ದರು. ನಾನು ಮಲಗಿದ್ದೇನೆ ಎಂದುಕೊಂಡಿದ್ದರು.

ಹೌದು, ಗಂಟು ಎದ್ದಿತ್ತು. ಎಡ ಮೀನಖಂಡದ ಮೇಲೆ. ನೊಣಗಳು ಕಡಿದಿದ್ದವು, ನನ್ನನ್ನಷ್ಟೇ ಅಲ್ಲ, ಎಲ್ಲರನ್ನೂ. ಹಾಡುತ್ತಾ ಹೊಡೆದುಕೊಳ್ಳುತ್ತಾ ನಡೆದೆವು. ಹೇಳಿದರೆ ನೀನು, ನೋಡಿದೆಯಾ, ನಾನು ಹೇಳಿರಲಿಲ್ಲವಾ ಎನ್ನುತ್ತೀಯ ಎಂದು ಬರೆಯಲಿಲ್ಲ. ಅದಕ್ಕಾಗಿ, ಯೋತಮು! ನಿನ್ನೆದುರು ಸೋಲಬಾರದು ಎಂದು. ಇಲ್ಲಿ ಮಲಗಿ ಅದನ್ನು ನೆನೆದರೆ ನಗು ಬರುತ್ತದೆ, ಆಮೇಲೆ ಹುಡುಗಿಯರ ಮುಖ ಕಣ್ಣಿಗೆ ಬರುತ್ತದೆ.

ನಿನ್ನ ಮೇಲೆ ಸಿಟ್ಟು ಬಂದಿತ್ತು. ತುಂಬಾ ಬಂದಿತ್ತು. ಒಂದು ಸಾಲು, ಮತೆಯೊ ಸತ್ತ ಎಂಬ ಒಂದೇ ಒಂದು ಸಾಲು ಬರೆದಿದ್ದರೆ ನಾನು ಆ ಲಂಗವನ್ನು ಮುಟ್ಟುತ್ತಿರಲಿಲ್ಲ. ಈಗ ಸಿಟ್ಟು ಮಾಡಲು ಮೈಯಲ್ಲಿ ಶಕ್ತಿಯಿಲ್ಲ.

ಈಗ ಕೇಳು. ನಮ್ಮ ಕಡೆಯಿಂದ ಎದ್ದು ನಿಲ್ಲುವ ಗಂಡಸು ನೀನೊಬ್ಬನೇ. ನನ್ನ ಮದುವೆಗೆ ನೀನೇ ನಿಂತೆ, ಸಮಾಧಿಯ ಮುಂದೆಯೂ ನೀನೇ ನಿಂತು ಹೇಗೆ ಕಾಯಿಲೆಯಾಯಿತು, ಹೇಗೆ ಸತ್ತಳು ಎಂದು ಜನಕ್ಕೆ ಹೇಳಬೇಕು. ನನ್ನನ್ನು ಅವ್ವನ ಪಕ್ಕ ಮಣ್ಣು ಮಾಡಿ ಎಂದಿದ್ದೇನೆ. ಅಲ್ಲಿ ಆ ಹೆಂಗಸರೆಲ್ಲ ಇರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳು. ನೊಣ ಕಡಿಯಿತು, ನಿದ್ದೆರೋಗ ಬಂತು, ಮತೆಯೊ ಕೂಡ ಅದರಿಂದಲೇ ಸತ್ತ ಎಂದು ಹೇಳು. ನನ್ನ ಜೊತೆ ಆ ದಾರಿಯಲ್ಲಿ ನಡೆದವರಲ್ಲಿ ಯಾರಿಗಾದರೂ ಹಗಲು ನಿದ್ದೆ ಬರುತ್ತಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ ಎಂದು ಹೇಳು. ಬೇಗ ಹೋದರೆ ಬದುಕುತ್ತಾರಂತೆ, ಡಾಕ್ಟರನ್ನು ಕೇಳಿಕೊಂಡೆ. ಇದೊಂದನ್ನು ಮಾಡು. ಹುಡುಗಿಯರನ್ನು ನೋಡಿಕೋ ಎಂದು ಬೇರೆ ಹೇಳಬೇಕಾಗಿಲ್ಲ.

ನಿನ್ನ ಅಕ್ಕ
ದೈಲೆಸಿ

*

ಅವ್ವನ ಊರು
೬ ನವೆಂಬರ್ ೧೯೯೩

ಅಕ್ಕ,

ನಿನ್ನ ಕಾಗದ ಮೊನ್ನೆ ಗುರುವಾರ ಬಂತು. ನಿನ್ನನ್ನು ಮಣ್ಣು ಮಾಡಿದ್ದು ಅದರ ಹಿಂದಿನ ಶನಿವಾರ. ಯಾರಿಗೆ ಬರೆಯುತ್ತಿದ್ದೇನೆ ಎಂದು ಗೊತ್ತಿದೆ. ಬರೆಯದೆ ಇರಲು ಆಗುತ್ತಿಲ್ಲ.

ನಿನ್ನನ್ನು ಲುಸಾಕಾದಿಂದ ತರಲು ಧಣಿಯೇ ಲಾರಿ ಕಳಿಸಿದರು, ಪೆಟ್ಟಿಗೆಗೆ ಹಲಗೆಯನ್ನೂ ಕೊಟ್ಟರು. ಟೋಪಿ ತೆಗೆದು ಸಮಾಧಿಯ ಮುಂದಿನ ಸಾಲಿನಲ್ಲೇ ನಿಂತಿದ್ದರು. ಅದಕ್ಕೂ ಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟು, "ಹೆಣ್ಣುಮಕ್ಕಳು ಇನ್ಮೇಲೆ ನಿನ್ನ ಪಾಲಿಗೇ ಅಲ್ವಾ ಯೋತಮು? ಕೆಲಸದ ಯೋಚನೆ ಬಿಡು, ಅದು ನಿಂದೇ" ಎಂದರು. ಬೇರೆ ಒಂದು ಮಾತೂ ಆಡಲಿಲ್ಲ.

ಹಿರಿಯರು, "ದೈಲೆಸಿ ಕಡೆಯವರು ಯಾರಪ್ಪಾ?" ಎಂದು ಕೂಗಿದರು. ನಾನು ಎದ್ದು ನಿಂತೆ. ನಿನ್ನ ಹೆಂಗಸರು ಸಮವಸ್ತ್ರದಲ್ಲಿ ಎಡಗಡೆ ಕೂತಿದ್ದರು. "ನಮ್ಮಕ್ಕಂಗೆ ಜ್ವರ ಬಂತು" ಎಂದೆ. "ಮಲೇರಿಯಾ ಅಂದ್ರು. ಔಷಧಿ ಕೊಟ್ರು, ಹಿಡೀಲಿಲ್ಲ. ದೇವರು ಕರ್ಕೊಂಡ." ಇಷ್ಟೇ ಹೇಳಿ ಕೂತೆ. ಹೆಂಗಸರು ಹಾಡು ಶುರು ಮಾಡಿದರು. ಹಾಡು ಎತ್ತಿಕೊಡುವ ಮಲಿತಾ ನಡುವೆ ತೂಕಡಿಸಿದಳು. ಪಕ್ಕದವಳು ತಿವಿದು ಎಬ್ಬಿಸಿದಳು.

ನಿನ್ನ ಕಾಗದ ಓದಿದ ಮೇಲೆ ಕೆಲಸ ಬಿಟ್ಟು ಬಂದೆ. ಯಾರಿಗೂ ಹೇಳಲಿಲ್ಲ, ರಜೆಯನ್ನೂ ಕೇಳಲಿಲ್ಲ. ನಿನ್ನೆ, ಇವತ್ತು ಮನೆಮನೆಗೂ ಹೋದೆ. ಅದು ಜ್ವರ ಅಲ್ಲ, ನಿದ್ದೆರೋಗ, ನನ್ನ ಬಾಯಿ ಸುಳ್ಳು ಹೇಳಿತು, ಆಸ್ಪತ್ರೆಗೆ ಹೋಗಿ ಎಂದೆ. ಸಮಾಧಿಯ ಮುಂದೆ ಆಡಿದ ಮಾತನ್ನು ಆಮೇಲೆ ಬದಲಿಸಿದರೆ ನಮ್ಮ ಜನ ಏನು ತಿಳಿದುಕೊಳ್ಳುತ್ತಾರೆ ಎಂದು ನಿನಗೆ ಗೊತ್ತು. ಯಾರ ಮೇಲೆ ಮಾಟದ ಆರೋಪ ಹೊರಿಸಲು ಬಂದ ಇವನು ಎಂದು ಮುಖಮುಖ ನೋಡಿಕೊಂಡರು. ನೀರು ಕೂಡ ಕೊಡದೆ ಕಳಿಸಿದರು. "ನಮ್ಮ ದಾರೀಗೆ ಕೆಟ್ಟ ಹೆಸರಿಡ್ತೀಯಾ? ನಿನ್ನಕ್ಕನ ಜೊತೆ ನಡೆದದ್ದೇ ತಪ್ಪಾಯ್ತಾ?" ಎಂದು ಒಬ್ಬ ಮುದುಕಿ ಬಾಗಿಲು ಹಾಕಿಕೊಂಡಳು.

ಕೊನೆಗೆ ಮಲಿತಾಳ ಮನೆಗೆ ಹೋದೆ. ಹೊತ್ತು ನೆತ್ತಿಗೆ ಬಂದಿತ್ತು. ಅವಳು ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದಳು, ಬಿಸಿಲು ಮುಖಕ್ಕೆ ಬಿದ್ದರೂ ಎಚ್ಚರವಿರಲಿಲ್ಲ. ಅವಳ ಗಂಡ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಅವನಿಗೆ ನನ್ನ ಮೇಲೆ ಸಿಟ್ಟೇನೂ ಬರಲಿಲ್ಲ, ಅಕ್ಕ. ಕನಿಕರದಿಂದಲೇ ನೋಡಿದ.

"ದುಃಖದಲ್ಲಿದೀಯಾ ಯೋತಮು, ಮನೆಗೆ ಹೋಗು. ಅಷ್ಟು ಜನದ ಮುಂದೆ ನೀನೇ ಜ್ವರ ಅಂದೆಯಲ್ಲ" ಎಂದ. ನಾನು ಅವಳನ್ನು ಎಬ್ಬಿಸಲು ಬಗ್ಗಿದೆ. ಅವನು ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿ ಹೇಳಿದ, "ಎಬ್ಬಿಸ್ಬೇಡ ಮಾರಾಯ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಈಗ ತಾನೇ ನಿದ್ದೆ ಹತ್ತಿದೆ."